ಉಣ್ಣೆಯ ಹದಕ್ಕೆ ಮನೆಯ ಉಪಕರಣಗಳು

(ಬಲಸಮುದ್ರದಲ್ಲಿ ಉಪಾಧ್ಯಾಯರ ಮತ್ತು ಊರ ಹಿರಿಯರ ಮುಂದೆ ಮಾಡಿದ ಭಾಷಣ)



ಕನ್ನಡ ನಾಡಿನ ವಿಷಯವಾಗಿ ಮಾತನಾಡಬೇಕೆಂದು ತಾವು ನಮ್ಮನ್ನು ಕರೆಸಿದಿರಿ. ನಾಡಿನ ವಿಷಯವನ್ನೇ ಮಾತನಾಡುವೆವು. ಆದರೆ ತಾಮ್ರಶಾಸನಗಳಿಂದ ಆರಂಭಿಸದೆ, ಈ ಮೇಜಿನ ಮೇಲೆ ಇಟ್ಟಿರುವ ಒಂದು ಹಿಡಿ ಕರಿಯ ಉಣ್ಣೆಯಿಂದ ಆರಂಭಿಸಲು ತಮ್ಮ ಅಪ್ಪಣೆಯಾಗಬೇಕು. ಇದನ್ನು ಕೈಯಲ್ಲಿ ಹಿಡಿದು ಕೊಡವಿದರೆ ಮೇಜಿನ ಮೇಲೆ ಮರಳು ಬೀಳುವುದನ್ನು ಮುಂದಿನ ಸಾಲಿನವರು ಕಾಣಬಹುದು. ಬೆರಳಿನಿಂದ ಬಿಡಿಸಿದರೆ ನೆಗ್ಗಿಲು ಮುಳ್ಳು ಸಿಕ್ಕುತ್ತದೆ, ಉತ್ತರಾಣಿಯ ಕಾಳು ಸಿಕ್ಕುತ್ತದೆ, ಹಂಚಿಕಡ್ಡಿಯ ಮೊನೆ ಚುಚ್ಚುತ್ತದೆ. ಕುರಿಯು ಮೇದ ಬಯಲಿನ ಪಟವೇ ಅದರ ಮೈಮೇಲೆ ಬರೆದಂತೆ ಇದೆ. ಇದನ್ನು ಬೆಳೆದ ಕುರುಬನಿಗೆ ಇಂದು ಇದರಿಂದ ಕತ್ತರಿಯವನ ಕೂಲಿಯೂ ಹುಟ್ಟುವುದು ಕಷ್ಟ. ಆದಕಾರಣ ದಖ್ಖನಿನ ಎಷ್ಟೋ ಹಟ್ಟಿಗಳಲ್ಲಿ ಕತ್ತರಿಸಿದ ಉಣ್ಣೆಯನ್ನು ಬೇಲಿಯ ಮೇಲೆ ಬಿಸುಡುವುದೂ ಸುಡುವುದೂ ನಡೆದಿದೆ. ಕಂಬಳಿಯ ಸೀಮೆಯೆಂದು ಹೆಸರು ಪಡೆದ ಸೀಮೆಯಲ್ಲಿ ಉಣ್ಣೆಯು ಕಸವಾಯಿತೆಂದರೆ ನಮ್ಮ ನಾಡಭಿಮಾನಕ್ಕೆ ಅರ್ಥವೇನು?

ಸೀಮೆಯ ಹೆಸರು ಇಂದಿನದಲ್ಲ. ಡಾಕ್ಟರ್ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ಪ್ರವಾಸಿಯು 1800ರಲ್ಲಿ ಮಧುಗಿರಿ, ಶಿರಾಗಳ ಮಾರ್ಗವಾಗಿ ಸಂಚರಿಸಿದನು. 1807ರಲ್ಲಿ ಲಂಡನ್ನಿನಲ್ಲಿ ಮುದ್ರಿತವಾದ ಅವನ ಪ್ರವಾಸಗ್ರಂಥದಲ್ಲಿ ಮೈಸೂರು ದೇಶದ ಕುರುಬರೂ ಅವರ ಕಂಬಳಿಗಳೂ ಬಂದಿರುವುದುಂಟು. ಕುರುಬ ಬಂಧುಗಳಲ್ಲಿ ಉಣ್ಣೆ ಕಂಕಣದವರು, ಹತ್ತಿ ಕಂಕಣದವರು ಎಂಬ ಭೇದವಿರುವುದನ್ನು ತಾವು ಬಲ್ಲಿರಿ. ಮದುವೆಯಲ್ಲಿ ಮಣಿಕಟ್ಟಿಗೆ ಕಟ್ಟುವ ದಾರವೇ ಕುಲದ ಗುರುತಾಯಿತೆಂದರೆ ಉಣ್ಣೆಯು ಇವರಲ್ಲಿ ಬರಿಯ ಸರಕಾಗಿರಲಿಲ್ಲ. ಶುಭಕಾರ್ಯದಲ್ಲಿ ಕಂಬಳಿಯ ಗದ್ದಿಗೆ ಹಾಸುವುದು, ಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕುವುದು, ಕೂಸನ್ನು ಕಂಬಳಿಯಲ್ಲಿ ಮಲಗಿಸುವುದು, ಇವೆಲ್ಲವೂ ನಮ್ಮ ಕಣ್ಣ ಮುಂದಿನವು.

ಈಗ ಏನಾಯಿತು? ಪಾಣಿಪತ್ತಿನಲ್ಲಿ ಹಳೆಯ ಬಟ್ಟೆಗಳನ್ನು ಚಿಂದಿಮಾಡಿ ನೂತು ಯಂತ್ರದಲ್ಲಿ ನೆಯ್ದ ಹೊದಿಕೆಗಳು ನಮ್ಮ ಸಂತೆಗಳಿಗೆ ಬಂದವು. ಅವು ಅಗ್ಗ, ಹಗುರ, ಚುಚ್ಚುವುದಿಲ್ಲ. ಕೊಳ್ಳುವವನನ್ನು ನಾವು ಬೈಯಲಾರೆವು. ಉಣ್ಣೆಗೆ ಬೆಲೆಯಿಲ್ಲದಾಗ ಕುರಿಗಾರನು ಮಾಂಸದ ತೂಕವನ್ನೇ ನೋಡಿ, ನೆಲ್ಲೂರಿನ ಕಡೆಯ ಕೂದಲ ಕುರಿಯ ಟಗರನ್ನು ತಂದು ಬಿಟ್ಟನು. ತಲೆಮಾರು ಕಳೆದಂತೆ ಹಿಂಡಿನ ಮೈಮೇಲೆ ಉಣ್ಣೆಯೇ ತೆಳ್ಳಗಾಗುತ್ತ ಬಂದಿತು. ಅತ್ತ ಮೇವಿನ ನೆಲವೂ ಕುಗ್ಗಿತು. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2018ರಿಂದ ಸೂರ್ಯವಿದ್ಯುತ್ತಿನ ಫಲಕಗಳು ಹಾಸಿವೆ. ಬರದ ತಾಲ್ಲೂಕಿಗೆ ಅದರಿಂದ ಗೇಣಿಯ ಹಣ ಬಂದುದನ್ನು ಅಲ್ಲಗಳೆಯುವುದಿಲ್ಲ. ಆದರೆ ಗೇಣಿಯು ಸಲ್ಲುವುದು ನೆಲವುಳ್ಳವನಿಗೆ, ನೆಲವಿಲ್ಲದೆ ಕುರಿಯನ್ನು ಮಾತ್ರ ಉಳ್ಳವನಿಗಲ್ಲ.

ಇಷ್ಟೆಲ್ಲ ಕಾರಣಗಳಿರುವಾಗ ಮೊಳೆ ಹಲಗೆಗಳಿಂದ ಏನು ಮಾಡುವಿರಿ ಎಂದು ಕೇಳುವವರು ಇದ್ದೇ ಇರುವರು. ನಮ್ಮ ಉತ್ತರ ಸಣ್ಣದು. ದಖ್ಖನಿನ ಒಂದು ಕುರಿಯು ವರ್ಷಕ್ಕೆ ಎರಡು ಕತ್ತರಿಯಲ್ಲಿ ಸುಮಾರು ಅರ್ಧ ಕಿಲೋ ಉಣ್ಣೆಯನ್ನು ಕೊಡುತ್ತದೆ. ಆ ಅರ್ಧ ಕಿಲೋದಲ್ಲಿ ಮರಳೆಷ್ಟು, ಮುಳ್ಳೆಷ್ಟು, ಒರಟು ಕೂದಲೆಷ್ಟು, ನಿಜವಾದ ಉಣ್ಣೆಯೆಷ್ಟು ಎಂಬುದು ಮಾರುವವನಿಗೂ ತಿಳಿಯದು, ಕೊಳ್ಳುವವನಿಗೂ ತಿಳಿಯದು. ತಿಳಿಯದ ಸರಕಿಗೆ ವರ್ತಕನು ಯಾವಾಗಲೂ ಕನಿಷ್ಠ ಬೆಲೆಯನ್ನೇ ಕಟ್ಟುವನು. ಇನ್ನೊಂದು ಸಂಗತಿಯುಂಟು. ಉಣ್ಣೆಯು ತನ್ನ ತೂಕದ ಮೂರರಲ್ಲಿ ಒಂದು ಪಾಲಿಗೆ ಸಮೀಪವಾಗುವಷ್ಟು ತೇವವನ್ನು ಹೀರಿಯೂ ಕೈಗೆ ಒದ್ದೆಯೆನಿಸದು. ಕಂಬಳಿಯ ಕೊಪ್ಪೆಯಲ್ಲಿ ಕುರುಬನು ಬೆಚ್ಚಗಿರುವುದು ಈ ಗುಣದಿಂದ. ತಕ್ಕಡಿಯ ಬಳಿ ಜಗಳವಾಗುವುದೂ ಈ ಗುಣದಿಂದಲೇ. ವಕೀಲಿ ವೃತ್ತಿಯಲ್ಲಿರುವ ನಮಗೆ ಇಂತಹ ಜಗಳಗಳಿಂದ ಎರಡು ಕಾಸು ಸಿಕ್ಕುವುದು ನಿಜವಾದರೂ, ಸಾಕ್ಷಿಯನ್ನು ಹಿಂಜುವುದಕ್ಕಿಂತ ಉಣ್ಣೆಯನ್ನು ಹಿಂಜುವುದು ಮೇಲೆಂದು ಈಚೆಗೆ ತೋರುತ್ತದೆ. ಶುಚಿಮಾಡಿ, ಬಗೆಯರಿತು ವಿಂಗಡಿಸಿ, ಒಣಗಿಸಿ ಮಾರಿದ ಉಣ್ಣೆಗೆ ಬೇರೆಯೇ ಗಿರಾಕಿಯುಂಟು. ಆ ಕೆಲಸವು ಹಟ್ಟಿಯಲ್ಲಿಯೇ ನಡೆದರೆ ಕೂಲಿಯೂ ಹಟ್ಟಿಯಲ್ಲಿಯೇ ನಿಲ್ಲುವುದು.

ಯಂತ್ರವನ್ನು ತರಿಸಬಾರದೇ ಎಂದರೆ, 1929ರಲ್ಲಿ ಅಖಿಲ ಭಾರತ ಚರಕಾ ಸಂಘದವರು ಉತ್ತಮವಾದ ರಾಟೆಗೆ ಒಂದು ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿದುದು ನೆನಪಿಗೆ ಬರುತ್ತದೆ. ಬೆಲೆಯು 150 ರೂಪಾಯಿ ಮೀರಬಾರದು, ಹಳ್ಳಿಯ ಹೆಂಗಸು ಆಯಾಸವಿಲ್ಲದೆ ನಡೆಸುವಂತಿರಬೇಕು ಎಂಬುದು ಅದರ ನಿಬಂಧನೆಗಳಲ್ಲಿ ಸೇರಿತ್ತು. ಲಕ್ಷ ರೂಪಾಯಿಯ ಆಸೆಯಿಂದ ಎಂಜಿನಿಯರುಗಳು ದುಡಿದರು. ಬಹುಮಾನವು ಯಾರಿಗೂ ಸಲ್ಲಲಿಲ್ಲ. ಅಗ್ಗವೂ ಸರಳವೂ ಆದ ಉಪಕರಣವನ್ನು ಮಾಡುವುದು ದೊಡ್ಡ ಯಂತ್ರವನ್ನು ಮಾಡುವುದಕ್ಕಿಂತ ಕಷ್ಟವೆಂಬುದನ್ನು ನಾವೂ ಸ್ವಂತ ಖರ್ಚಿನಿಂದ ಕಲಿತಿರುವೆವು. ಅದನ್ನು ಮುಂದೆ ಹೇಳುವೆವು.

ಮೊದಲನೆಯ ಉಪಕರಣವು ತಮ್ಮೆಲ್ಲರ ಮನೆಯಲ್ಲಿ ಆಗಲೇ ಇದೆ: ಹಳೆಯ ನುಲಿಮಂಚ. ಕಾಲು ಗಟ್ಟಿಯಾಗಿರುವ, ಸುಮಾರು ಆರಡಿ ಉದ್ದ ಮೂರಡಿ ಅಗಲದ ಮಂಚವನ್ನು ತೆಗೆದುಕೊಂಡು, ಸಡಿಲವಾದ ಹುರಿಯನ್ನು ಬಿಚ್ಚಿ, ಕಿರುಬೆರಳು ತೂರುವಷ್ಟು ಸಂದು ಬಿಟ್ಟು ಬಿಗಿಯಾಗಿ ಮತ್ತೆ ಹೆಣೆಯಬೇಕು. ನಾರಿನ ಹಗ್ಗದ ಬದಲು ಬಿದಿರ ದಬ್ಬೆಗಳನ್ನು ಅರ್ಧ ಅಂಗುಲದ ಸಂದಿನಲ್ಲಿ ಕಟ್ಟಿದರೆ ಇನ್ನೂ ಒಳ್ಳೆಯದು. ಹಗ್ಗದ ನಾರು ಉಣ್ಣೆಯಲ್ಲಿ ಬೆರೆಯುವ ಭಯವಿರುವುದಿಲ್ಲ. ದಬ್ಬೆಯ ಅಂಚುಗಳನ್ನು ಕೀಸಿ ನುಣುಪುಮಾಡುವುದನ್ನು ಮರೆಯಬಾರದು. ಇದರ ಮೇಲೆ ಉಣ್ಣೆಯ ಹಾಸನ್ನು, ಕತ್ತರಿ ಬಿದ್ದ ಮಗ್ಗುಲು ಕೆಳಗಾಗುವಂತೆ ಹರಡಿ, ಎರಡು ತೆಳ್ಳನೆಯ ಬೆತ್ತಗಳಿಂದ ಹಗುರವಾಗಿ ಬಡಿಯಬೇಕು. ಮರಳೂ, ಕತ್ತರಿಯು ಎರಡನೆಯ ಸಲ ಆಡಿದಾಗ ಉದುರುವ ಗಿಡ್ಡ ತುಂಡುಗಳೂ ಕೆಳಗಿನ ಬಟ್ಟೆಯ ಮೇಲೆ ಬೀಳುವುವು. ಆ ಗಿಡ್ಡ ತುಂಡುಗಳು ನೂಲಿನಲ್ಲಿ ಸೇರಿದರೆ ನೂಲು ಗಂಟುಗಂಟಾಗುವುದು. ಬಡಿಯುವ ಮೊದಲೊಮ್ಮೆ, ಬಡಿದ ತರುವಾಯ ಒಮ್ಮೆ ತೂಗಿ ಬರೆದಿಡಿರಿ. ಶಾಲೆಯ ಹುಡುಗರಿಗೆ ಶೇಕಡಾ ಲೆಕ್ಕವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನಮಗೆ ತಿಳಿಯದು.

ಅದೇ ಮಂಚದ ಮೇಲೆಯೇ ವಿಂಗಡಣೆಯಾಗತಕ್ಕದ್ದು. ಹೆಗಲು ಮತ್ತು ಪಕ್ಕೆಯ ಉಣ್ಣೆ ಒಂದು ರಾಶಿ. ತೊಡೆ ಮತ್ತು ಬಾಲದ ಕಡೆಯ ಒರಟು ಇನ್ನೊಂದು. ಹೊಟ್ಟೆಯ ಮುದ್ದೆ, ಹಿಕ್ಕೆ ಅಂಟಿದುದು ಮತ್ತೊಂದು. ಮರಿಯ ಮೊದಲ ಕತ್ತರಿಯ ಉಣ್ಣೆಯನ್ನು ಎಂದಿಗೂ ಬೆರೆಸಬೇಡಿರಿ. ಅದು ಹಿಂಡಿನ ಬೆಣ್ಣೆ.

ಇಲ್ಲಿ ಒಂದು ದೂರನ್ನು ಹೇಳಲೇಬೇಕು. ಉಣ್ಣೆಯನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲಗಳಲ್ಲಿ ತುರುಕುವ ವಾಡಿಕೆ ಎಲ್ಲೆಲ್ಲಿಯೂ ಹಬ್ಬಿದೆ. ಚೀಲದ ಎಳೆಯು ಬಿಸಿಲಿಗೆ ಸೀಳಿ ಉಣ್ಣೆಯೊಳಗೆ ಸೇರಿತೆಂದರೆ, ಬಡಿದರೂ ಹೋಗದು, ತೊಳೆದರೂ ಹೋಗದು, ಬಿಲ್ಲಿಗೂ ಜಗ್ಗದು. ನೆಯ್ದ ಕಂಬಳಿಯಲ್ಲಿ ಬೆಳ್ಳಗೆ ಹಲ್ಲು ಕಿರಿಯುತ್ತಿರುತ್ತದೆ. ಹಳೆಯ ಪಂಚೆಯಲ್ಲಿ ಗಂಟು ಕಟ್ಟಿರಿ. ಇದಕ್ಕೆ ಕಾಸೂ ಬೇಡ, ಬಡಗಿಯೂ ಬೇಡ.

ಇನ್ನು ಧೂಳಿನ ವಿಷಯ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದ ಗಿರಣಿಗಳಲ್ಲಿ ಉಣ್ಣೆ ವಿಂಗಡಿಸುವ ಕೂಲಿಗಳು ಎದೆಯ ಜಾಡ್ಯದಿಂದ ಹಠಾತ್ತಾಗಿ ಸಾಯುತ್ತಿದ್ದರು. ಅದು ನಮ್ಮವರು ನೆರಡಿಯೆಂದು ಕರೆಯುವ ಕುರಿರೋಗದ ಬೀಜವೇ ಉಸಿರಿನೊಡನೆ ಒಳಹೊಕ್ಕುದರ ಫಲವೆಂದು ತರುವಾಯ ಗೊತ್ತಾಯಿತು. ಆ ಬೀಜವು ಮಣ್ಣಿನಲ್ಲಿಯೂ ಉಣ್ಣೆಯಲ್ಲಿಯೂ ಎಷ್ಟೋ ವರ್ಷ ಸಾಯದೆ ಇರಬಲ್ಲುದು. ಆದುದರಿಂದ ತಾನಾಗಿ ಸತ್ತ ಕುರಿಯ ಉಣ್ಣೆಯನ್ನು ಒಂದು ಹಿಡಿಯನ್ನೂ ಕತ್ತರಿಸಕೂಡದು. ಹಠಾತ್ತಾಗಿ ಸತ್ತುದಾದರೆ ಕೊಯ್ಯದೆ, ಸುಲಿಯದೆ, ಪಶುವೈದ್ಯರಿಗೆ ತಿಳಿಸಿ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಬಡಿಯುವ ಮಂಚವು ಪಡಸಾಲೆಯಲ್ಲಿರದೆ ಬಯಲಿನಲ್ಲಿರಬೇಕು. ಗಾಳಿಯು ಬೆನ್ನ ಕಡೆಯಿಂದ ಬರುವಂತೆ ನಿಂತು, ಮೂಗುಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಬಡಿಯಿರಿ. ಮಕ್ಕಳಿಗೆ ತೂಗುವ ಕೆಲಸ ಕೊಡಿರಿ, ಬಡಿಯುವ ಕೆಲಸ ಬೇಡ.

ಎರಡನೆಯದು ತೊಳೆಯುವ ಏರ್ಪಾಡು. ಕತ್ತರಿಯ ಮೊದಲು ಕುರಿಯನ್ನೇ ಕೆರೆಗೆ ಇಳಿಸಿ ಮೈ ತೊಳೆಯುವುದು ಹಿರಿಯರ ಪದ್ಧತಿ. ನೀರಿರುವಾಗ ಅದಕ್ಕೆ ಸಮನಾದುದಿಲ್ಲ. ಆದರೆ ಸಮುದ್ರವೆಂದು ಹೆಸರಿಟ್ಟುಕೊಂಡ ಊರುಗಳಲ್ಲಿಯೂ ಎಲ್ಲ ವರ್ಷ ಕೆರೆಯಲ್ಲಿ ನೀರು ನಿಲ್ಲುವುದಿಲ್ಲವಷ್ಟೆ. ಆಗ ಮೂರು ಬಾನಿಗಳು, ಅವುಗಳೊಳಗೆ ಸಡಿಲವಾಗಿ ಕೂರುವ ಒಂದು ಬಿದಿರ ಬುಟ್ಟಿ, ಇಷ್ಟೇ ಸಾಕು. ಬುಟ್ಟಿಯೇ ಇಲ್ಲಿಯ ಮುಖ್ಯ ಉಪಕರಣ. ಉಣ್ಣೆಯನ್ನು ಕೈಯಿಂದ ಕಲಕಿದರೆ ಅದು ಹೆಣೆದುಕೊಂಡು ಮುದ್ದೆಯಾಗುವುದು. ಬುಟ್ಟಿಯಲ್ಲಿಟ್ಟು ಮುಳುಗಿಸಿ ಎತ್ತಿದರೆ ಬಿಡಿಯಾಗಿಯೇ ಉಳಿಯುವುದು. ಒಂದು ಕಿಲೋ ಉಣ್ಣೆಗೆ ಸುಮಾರು 25 ಲೀಟರು ನೀರಿನ ಲೆಕ್ಕವಿಟ್ಟುಕೊಳ್ಳಿರಿ. ಮೊದಲ ಬಾನಿಯಲ್ಲಿ ತಣ್ಣೀರು, ರಾತ್ರಿಯೆಲ್ಲ ನೆನೆಯಲಿ. ಕುರಿಯ ಬೆವರಿನ ಉಪ್ಪು ತಣ್ಣೀರಿನಲ್ಲಿಯೇ ಕರಗುವುದು. ಆ ನೀರಿನಲ್ಲಿ ಪೊಟ್ಯಾಷ್ ಇರುವುದರಿಂದ ಚೆಲ್ಲದೆ ತೆಂಗಿನ ಬುಡಕ್ಕೆ ಹಾಕಿರಿ. ಎರಡನೆಯದರಲ್ಲಿ ಕೈ ತಾಳುವಷ್ಟು ಬಿಸಿ ನೀರು, ಅದರಲ್ಲಿ ಅಂಟುವಾಳದ ಕಾಯಿಯ ನೊರೆ. ಉಣ್ಣೆಯ ಜಿಡ್ಡು ಕರಗಲು ಬಿಸಿ ಬೇಕು. ನಮ್ಮ ಕುರಿಗಳಲ್ಲಿ ಜಿಡ್ಡು ಸ್ವಲ್ಪವೇ ಇರುವುದರಿಂದ ಕಾಲು ಗಂಟೆ ಮುಳುಗಿಸಿದರೆ ಸಾಕು. ಮೂರನೆಯದರಲ್ಲಿ ಎರಡನೆಯದರಷ್ಟೇ ಬಿಸಿಯಾದ ತಿಳಿನೀರು. ಬಿಸಿಯಿಂದ ಒಮ್ಮೆಗೇ ತಣ್ಣೀರಿಗೆ ಹಾಕಿದರೆ ಉಣ್ಣೆ ಬೆಚ್ಚಿ ಗಂಟುಗಟ್ಟುವುದು.

ಬಟ್ಟೆಗೆ ಒಗ್ಗುವುದು ಉಣ್ಣೆಗೆ ಒಗ್ಗದು. ಸವಳುಮಣ್ಣಿನಲ್ಲಿ ಒಗೆದರೆ ಹತ್ತಿ ಬೆಳ್ಳಗಾಗುವುದು. ಉಣ್ಣೆಯಾದರೋ ಕೂದಲು ಉಗುರುಗಳ ಜಾತಿಯ ಪದಾರ್ಥ. ಕಟುವಾದ ಕ್ಷಾರದಲ್ಲಿ ಕಾಯಿಸಿದರೆ ಕರಗಿಯೇ ಹೋಗುವುದು. ಉಪಾಧ್ಯಾಯರು ಒಂದು ಎಸಳನ್ನು ಕಾಸ್ಟಿಕ್ ಸೋಡದ ನೀರಿನಲ್ಲಿ ಕುದಿಸಿ ಮಕ್ಕಳಿಗೆ ದೂರದಿಂದ ತೋರಿಸಿದರೆ, ಅಂಗಡಿಯ ಸೋಡವನ್ನು ಬಾನಿಗೆ ಸುರಿಯುವ ಚಪಲ ಯಾರಿಗೂ ಬಾರದು. ಒಣಗಿಸಲು ಅದೇ ಮಂಚ, ಬೇವಿನ ನೆರಳು. ಹಿಂಡಕೂಡದು, ಬಟ್ಟೆಯಲ್ಲಿ ಸುತ್ತಿ ಒತ್ತಬೇಕು.

ಮೂರನೆಯದು ಹಿಂಜುವ ಹಲಗೆ. ನಮ್ಮ ಖರ್ಚಿನ ಪಾಠವೆಂದೆವಲ್ಲ, ಅದು ಇಲ್ಲಿಯದು. ಮೊಳೆ ಹೆಚ್ಚಾದಷ್ಟೂ ಕೆಲಸ ನಯವಾದೀತೆಂದು ಭ್ರಮಿಸಿ, ನಾವು ಮೊದಲ ಹಲಗೆಯಲ್ಲಿ ಒತ್ತೊತ್ತಾಗಿ ಮೊಳೆ ಹೊಡೆಸಿದೆವು. ಹಲಗೆಯು ಸೀಳಿತು. ಎರಡನೆಯದು ಸೀಳಲಿಲ್ಲ, ಬದಲಾಗಿ ಉಣ್ಣೆಯನ್ನೇ ಹರಿದು ಚೂರುಮಾಡಿತು. ಪಕ್ಕದಲ್ಲಿ ಕುಳಿತಿದ್ದ ಮುದುಕಮ್ಮನೊಬ್ಬಳು ಬರಿಯ ಬೆರಳುಗಳಿಂದ ನಮಗಿಂತ ಬೇಗ ಹಿಂಜಿ ಮುಗಿಸಿ, “ನಿಮ್ಮ ಹಲಗೆ ತುರಿಯೋ ಮಣೆ ಆಗೈತೆ ಸ್ವಾಮಿ” ಎಂದಳು. ಆ ಮಾತಿನ ತರುವಾಯವೇ ಹಲಗೆಯು ಸರಿಹೋಯಿತು. ಈಗ ಮಾಡಿರುವುದು ಹೀಗಿದೆ. ಒಂದೂವರೆ ಅಂಗುಲ ದಪ್ಪದ ಬೇವಿನ ಹಲಗೆ, ಒಂದಡಿ ಉದ್ದ. ಅದರಲ್ಲಿ ಎರಡೇ ಸಾಲು. ಮೊಳೆಯಿಂದ ಮೊಳೆಗೆ ಅರ್ಧ ಅಂಗುಲ. ಹಿಂದಿನ ಸಾಲಿನ ಮೊಳೆಯು ಮುಂದಿನ ಎರಡರ ನಡುವಿನ ಸಂದಿಗೆ ಬರಬೇಕು. ಮೊಳೆಯು ಮೂರಂಗುಲದ್ದು. ಬೈರಿಗೆಯಿಂದ ಮೊಳೆಗಿಂತ ತುಸು ಸಣ್ಣ ತೂತನ್ನು ಮೊದಲೇ ಕೊರೆದು, ಕೆಳಗಿನಿಂದ ಹೊಡೆದು, ಮೇಲೆ ಒಂದೂವರೆ ಅಂಗುಲ ಎದ್ದಿರುವಂತೆ ಬಿಡಬೇಕು. ಅಡಿಯಲ್ಲಿ ಮೊಳೆಯ ತಲೆಗಳು ಜಾರದಂತೆ ಇನ್ನೊಂದು ತೆಳು ಹಲಗೆಯನ್ನು ಬಿಗಿಯಬೇಕು. ತೂತುಗಳನ್ನು ನೆಟ್ಟಗೆ ಕೊರೆಯದೆ, ಮೊನೆಗಳು ಎಳೆಯುವವರಿಂದ ಆಚೆಗೆ ಸ್ವಲ್ಪ ಬಾಗುವಂತೆ ಓರೆಯಾಗಿ ಕೊರೆಯತಕ್ಕದ್ದು. ಆಗ ಎಳೆದಷ್ಟೂ ಉಣ್ಣೆಯು ಮೊಳೆಯ ಬುಡಕ್ಕೆ ಇಳಿದು ನಿಲ್ಲುವುದು. ಮೊನೆಯೂ ಕೈಯಿಂದ ದೂರವಿರುವುದು. ಮೊಳೆಗಳ ಒರಟನ್ನು ಅರದಿಂದ ಉಜ್ಜಿ ನಯಮಾಡಿರಿ. ಹಲಗೆಯನ್ನು ಬೆಂಚಿಗೆ ಬಿಗಿದು, ಉಣ್ಣೆಯ ಎಸಳನ್ನು ಮೊಳೆಗೆ ಸಿಕ್ಕಿಸಿ, ತುದಿಯಿಂದ ಸ್ವಲ್ಪಸ್ವಲ್ಪವಾಗಿ ಎಳೆಯುತ್ತ ಬಂದರೆ ಮುಳ್ಳುಗಳು ಹಿಂದೆ ಉಳಿಯುವುವು. ತೊಳೆದ ಉಣ್ಣೆ ಪೆಡಸಾಗಿದ್ದರೆ, ನೀರಿನಲ್ಲಿ ನಾಲ್ಕಾರು ತೊಟ್ಟು ಕಡಲೆಕಾಯೆಣ್ಣೆಯನ್ನು ಕದಡಿ ಚಿಮುಕಿಸಿ, ಒಂದು ರಾತ್ರಿ ಮುಚ್ಚಿಡಿರಿ. ಕೆಲಸವಿಲ್ಲದಾಗ ಹಲಗೆಗೆ ಮರದ ಮುಚ್ಚಳ ಹಾಕಿರಬೇಕು. ಇದು ಮಕ್ಕಳಿರುವ ಮನೆ.

ಇದರ ತರುವಾಯ ಎಕ್ಕುವ ಕೆಲಸ. ತೊಗಲಿಗೆ ತಂತಿಯ ಹಲ್ಲು ಚುಚ್ಚಿದ ಕೈಹಣಿಗೆಗಳನ್ನು ಮನೆಯಲ್ಲಿಯೇ ಮಾಡಬಹುದೆಂದು ಕೆಲವರು ಹೇಳುವರು. ಒಂದೊಂದು ಹಲ್ಲನ್ನೂ ಬಗ್ಗಿಸಿ, ಸಾವಿರಗಟ್ಟಲೆ ಚುಚ್ಚಬೇಕು. ನಮ್ಮ ಅಭಿಪ್ರಾಯದಲ್ಲಿ ಅದು ವ್ಯರ್ಥ ಶ್ರಮ. ಬೇಕಾದರೆ ಹಲ್ಲಿನ ಪಟ್ಟಿಯನ್ನು ಕೊಂಡು ಹಲಗೆಗೆ ಬಿಗಿಯುವುದೇ ಲೇಸು. ಆದರೆ ಅದೂ ಬೇಡವೆನಿಸುವಷ್ಟು ಚೆನ್ನಾದ ಉಪಕರಣವು ಕುರುಬರ ಬಿಲ್ಲು. ಬಿದಿರಿನ ಬಿಲ್ಲು, ನರದ ಹೆದೆ, ಮರದ ಕೊಡತಿ. ಹೆದೆಯನ್ನು ಮೀಟಿದರೆ ಅದರ ನಡುಕದಿಂದಲೇ ಎಳೆ ಎಳೆ ಬೇರೆಯಾಗಿ, ಉಳಿದ ಧೂಳೂ ಉದುರುವುದು. ನಾವು ಸೇರಿಸಿದುದು ಒಂದೇ: ಬಿಲ್ಲಿನ ಭಾರವು ತೋಳಿನ ಮೇಲೆ ಬೀಳದಂತೆ, ಬಗ್ಗುವ ಒಂದು ಬಿದಿರ ಗಳುವಿನ ತುದಿಯಿಂದ ಅದನ್ನು ದಾರದಲ್ಲಿ ತೂಗಹಾಕಿದೆವು. ವಯಸ್ಸಾದವರಿಗೆ ಇದರಿಂದ ಅನುಕೂಲವಾಯಿತು. ಪ್ರಾಯದವರು ಅಡ್ಡಿಯೆಂದು ಬಿಚ್ಚಿಹಾಕಿದರು. ನೂಲುವ ಕದಿರು, ಕುಣಿಮಗ್ಗ, ಹಾಸಿಗೆ ಬಳಿಯುವ ಹುಣಿಸೆಬೀಜದ ಗಂಜಿ ಇವುಗಳ ವಿಷಯದಲ್ಲಿ ನಾವು ಕಲಿಯತಕ್ಕವರೇ ಹೊರತು ಕಲಿಸತಕ್ಕವರಲ್ಲ.

ನಾಡಿನ ವಿಷಯವೆಲ್ಲಿ ಬಂದಿತು ಎಂದು ಕೇಳುವಿರಿ. ಪಾವಗಡದ ಭೂಪಟವನ್ನು ನೋಡಿರಿ. ಆಂಧ್ರದ ನೆಲವು ಅದನ್ನು ಬಹುಪಾಲು ಸುತ್ತುಗಟ್ಟಿದೆ. ಮಧುಗಿರಿಯ ಮಗ್ಗುಲಿನ ಮಡಕಶಿರಾದಲ್ಲಿ ಕನ್ನಡ ಮಾತನಾಡುವ ಮನೆಗಳು ಇಂದಿಗೂ ಉಂಟು. ಅದು ಮದರಾಸು ಪ್ರಾಂತದ ಅನಂತಪುರ ಜಿಲ್ಲೆಯಲ್ಲಿದ್ದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಹೋಯಿತು. ಅದೇ ದಿನ ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗಲೂ ಮಡಕಶಿರಾ ಆಚೆಯೇ ಉಳಿಯಿತು; ಅಕ್ಕಲಕೋಟೆ, ಜತ್ತ, ಕಾಸರಗೋಡುಗಳೂ ಹಾಗೆಯೇ. ಗಡಿಯ ಕಲ್ಲುಗಳ ವಾದವು ವಾದಿಸುವವರ ಬಳಿ ಇರಲಿ. ಮಡಕಶಿರಾದ ಕುರಿಗೂ ಮಧುಗಿರಿಯ ಕುರಿಗೂ ಮೈಮೇಲಿರುವುದು ಒಂದೇ ತುಪ್ಪಟ, ಸಿಕ್ಕಿರುವುದು ಒಂದೇ ನೆಗ್ಗಿಲು. ಎರಡೂ ಕಡೆಯ ಕುರುಬನು ಕುರಿಯನ್ನು ಗದರುವುದು ಒಂದೇ ಮಾತಿನಿಂದ. ಅವರಲ್ಲಿ ಹಲವರ ಮಕ್ಕಳಿಗೆ ಶಾಲೆಯಲ್ಲಿ ಕನ್ನಡದ ಅಕ್ಷರ ದೊರೆಯದೆ ಹೋಗಬಹುದು. ಆದರೆ ಉಣ್ಣೆಯನ್ನು ವಿಂಗಡಿಸುವ ಕ್ರಮವನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಅಲ್ಲಿಯ ಹಟ್ಟಿಗೆ ಕಳುಹಿಸಿದರೆ, ಓದಿ ಹೇಳುವ ಒಬ್ಬ ಹಿರಿಯನಾದರೂ ಸಿಕ್ಕುವನು. ಎರಡೂ ಕಡೆಯ ಉಣ್ಣೆ ಒಂದೇ ಬಗೆಯಲ್ಲಿ ಶುಚಿಯಾಗಿ ಚಳ್ಳಕೆರೆಗೋ ಶಿರಾಕ್ಕೋ ಬಂದರೆ, ಬೆಲೆ ಕೇಳುವ ದನಿಯೂ ಸ್ವಲ್ಪ ಗಟ್ಟಿಯಾಗುವುದು.

ಆ ಹಾಳೆಯನ್ನು ಬರೆಯುವ ಕೆಲಸವನ್ನು ಇಲ್ಲಿಯ ಉಪಾಧ್ಯಾಯರ ಮೇಲೆ ಹೊರಿಸುತ್ತಿರುವೆವು. ನಮ್ಮ ಭಾಷೆ ಕೋರ್ಟಿನ ಭಾಷೆ. ತಾವು ಬರೆದರೆ ಹಟ್ಟಿಗೆ ಅರ್ಥವಾದೀತು. ಬರೆಯುವ ಮೊದಲು ಅಕ್ಕಂದಿರನ್ನು ಕೇಳಿ, ಉಣ್ಣೆಯ ಬಗೆಗಳಿಗೆ ಅವರು ಇಟ್ಟಿರುವ ಹೆಸರುಗಳನ್ನೇ ಹಾಕಿರಿ.

ಮಂಚವೂ ಹಲಗೆಯೂ ಹೊರಗೆ ಮರದ ಕೆಳಗಿವೆ. ಎರಡು ಕುರಿಗಳ ಉಣ್ಣೆಯನ್ನು ತೊಳೆಯದೆ ಹಾಗೆಯೇ ತಂದಿರುವೆವು. ಬೆತ್ತಗಳೂ ತಕ್ಕಡಿಯೂ ಇವೆ. ಗಾಳಿಯು ಪಡುವಣದಿಂದ ಬೀಸುತ್ತಿರುವುದರಿಂದ ನೋಡುವವರೂ ಪಡುವಣ ಮಗ್ಗುಲಿಗೇ ನಿಲ್ಲಬೇಕೆಂದು ಪ್ರಾರ್ಥನೆ.